ಮಗುವಿಗೆ ಸೆಳವು ಬಂದಾಗ ಮೊದಲು ನೋಡಬೇಕಾದದ್ದು ಗಡಿಯಾರ: ಮಕ್ಕಳ ಜ್ವರ, ನರರೋಗ, ಆರೈಕೆ ಕುರಿತು ಮಾತುಕತೆ

ಘಟ್ಟದ ಸಿಸ್ಟರ್, ಶಿರಸಿ

ಮಕ್ಕಳ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ಒಂದು ಮಳೆಗಾಲದ ರಾತ್ರಿಯ ವಿಷಯ ಬರೆಯುತ್ತೇನೆ, ಚರ್ಚೆ ಅಲ್ಲಿಂದಲೇ ಶುರುವಾಗಲಿ.

ಸಿದ್ದಾಪುರದ ದಾರಿಯ ಒಂದು ಹಳ್ಳಿಯಿಂದ ಒಂದೂವರೆ ವರ್ಷದ ಹುಡುಗನನ್ನು ಜೀಪಿನಲ್ಲಿ ತಂದರು. ಜ್ವರ 103 ಡಿಗ್ರಿ. ಮುಷ್ಟಿಯೊಳಗೆ ಕೊಟ್ಟಿಗೆಯ ಬೀಗದ ಕೈ, ಬಾಯಿಯ ಅಂಚಿನಲ್ಲಿ ರಕ್ತ. ಹಲ್ಲು ಕಚ್ಚಿಕೊಂಡಿದ್ದಾನೆಂದು ಯಾರೋ ಚಮಚ ತುರುಕಿದ್ದರು, ಕೆಳಗಿನ ಒಂದು ಹಾಲುಹಲ್ಲು ಅಲುಗಾಡುತ್ತಿತ್ತು. ಸೆಳವು ಆಗಲೇ ನಿಂತಿತ್ತು. ಎಷ್ಟು ಹೊತ್ತು ಬಂದಿತ್ತು ಎಂದು ಕೇಳಿದೆ. ಅಪ್ಪ ಅರ್ಧ ಗಂಟೆ ಎಂದರು. ಚಿಕ್ಕಪ್ಪ ಐದು ನಿಮಿಷ ಎಂದರು. ಅಮ್ಮನಿಗೆ ಮಾತೇ ಹೊರಡಲಿಲ್ಲ. ಅರ್ಧ ಗಂಟೆಯಾದರೆ ಚಿಕಿತ್ಸೆಯ ದಾರಿಯೇ ಬೇರೆ, ಐದು ನಿಮಿಷವಾದರೆ ಬೇರೆ. ಯಾರ ಮಾತನ್ನು ಬರೆದುಕೊಳ್ಳುವುದು?

ಆಗ ಮೂಲೆಯಲ್ಲಿ ನಿಂತಿದ್ದ ಅಜ್ಜಿ ಹೇಳಿದರು: "ನಾನು ಜಪಕ್ಕೆ ಕುಳಿತಿದ್ದೆ ತಂಗಿ. ಮಗು ಸೆಟೆದುಕೊಂಡಾಗ ಸರ ಆಗಷ್ಟೇ ಶುರುವಾಗಿತ್ತು. ಹೆದರಿಕೆಗೆ ಬೆರಳು ನಿಲ್ಲಲೇ ಇಲ್ಲ. ಅರ್ಧ ಸರಕ್ಕೆ ಮೈ ಸಡಿಲವಾಯಿತು." ಸರ ಅವರ ಸೊಂಟದಲ್ಲೇ ಇತ್ತು. ಅದೇ ವೇಗದಲ್ಲಿ ಮತ್ತೊಮ್ಮೆ ಜಪ ಮಾಡಿ ಎಂದು ಕೇಳಿಕೊಂಡು ಗಡಿಯಾರ ಹಿಡಿದು ನಿಂತೆ. ಐವತ್ತನಾಲ್ಕು ಮಣಿಗೆ ಎರಡು ನಿಮಿಷ ಹತ್ತು ಸೆಕೆಂಡು. ವೈದ್ಯರು ಬಂದು ಮೊದಲು ಕೇಳಿದ್ದೂ ಅದನ್ನೇ. ಕೇಸ್ ಶೀಟಿನಲ್ಲಿ ಅಜ್ಜಿಯ ಲೆಕ್ಕವೇ ದಾಖಲಾಯಿತು. ಹುಡುಗ ಮೂರನೆಯ ದಿನ ಮನೆಗೆ ಹೋದ.

ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರದ ಸೆಳವು ಬರುತ್ತದೆ. ಮೈಯೆಲ್ಲ ಸಮನಾಗಿ ಅದುರಿ, ಹದಿನೈದು ನಿಮಿಷದೊಳಗೆ ತಾನಾಗಿ ನಿಂತು, ಇಪ್ಪತ್ತನಾಲ್ಕು ಗಂಟೆಯೊಳಗೆ ಮತ್ತೆ ಬಾರದಿದ್ದರೆ ಅದು ಸರಳ ಬಗೆಯದು, ಮಿದುಳಿಗೆ ಪೆಟ್ಟು ಕೊಡುವುದಿಲ್ಲ. ಒಂದೇ ಕೈ ಅಥವಾ ಒಂದೇ ಮಗ್ಗುಲು ಅದುರಿದರೆ, ಹದಿನೈದು ನಿಮಿಷ ಮೀರಿದರೆ, ಅದೇ ದಿನ ಮರುಕಳಿಸಿದರೆ, ನಿಂತ ಮೇಲೂ ಮಗುವಿಗೆ ಎಚ್ಚರ ಮರಳದಿದ್ದರೆ ಕಾರಣ ಹುಡುಕಲೇಬೇಕು. ಈ ಎಲ್ಲ ವ್ಯತ್ಯಾಸ ತಿಳಿಯುವುದು ಸ್ಕ್ಯಾನಿನಿಂದಲ್ಲ, ಆ ಹೊತ್ತಿನಲ್ಲಿ ಪಕ್ಕದಲ್ಲಿದ್ದವರ ಕಣ್ಣಿನಿಂದ.

ನಮ್ಮ ಜಿಲ್ಲೆಯ ಹೆಚ್ಚಿನ ಮನೆಗಳಿಗೆ ಮಕ್ಕಳ ನರರೋಗ ತಜ್ಞರೆಂದರೆ ಹುಬ್ಬಳ್ಳಿ, ಮಣಿಪಾಲ ಅಥವಾ ಗೋವಾದ ಬಾಂಬೋಲಿಂ. ಶಿರಸಿಯಿಂದ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರ್. ಅಲ್ಲಿಯ ವೈದ್ಯರು ಸೆಳವನ್ನು ಕಣ್ಣಾರೆ ನೋಡುವುದು ಅಪರೂಪ. ಅವರಿಗೆ ಕಾಣುವುದು ನಾವು ಹೇಳಿದ ಸೆಳವು. ನಾವು ತಪ್ಪು ಹೇಳಿದರೆ ಅವರು ಬೇರೆಯದೇ ಕಾಯಿಲೆಗೆ ಮದ್ದು ಬರೆಯುತ್ತಾರೆ. ನೀವು ಕಂಡದ್ದನ್ನು, ತಪ್ಪಿದ್ದನ್ನು ಇಲ್ಲಿ ಬರೆಯಿರಿ.

ಕಡಲ ತಾಯಿ, ಕಾರವಾರ

ಓದುತ್ತಾ ಕೈ ನಡುಗಿತು. ನನ್ನ ಮಗಳಿಗೆ ಹನ್ನೊಂದು ತಿಂಗಳಿದ್ದಾಗ ಬಂದಿತ್ತು. ನಾನು ಅವಳನ್ನು ನಲ್ಲಿಯ ಕೆಳಗೆ ಹಿಡಿದೆ. ನೆರೆಯವರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಅಂದಿನಿಂದ ಮೈ ಸ್ವಲ್ಪ ಬೆಚ್ಚಗಾದರೂ ಪ್ಯಾರಾಸಿಟಮಾಲ್ ಕೊಟ್ಟುಬಿಡುತ್ತೇನೆ, ರಾತ್ರಿ ಅಲಾರಂ ಇಟ್ಟು ನಾಲ್ಕು ಗಂಟೆಗೊಮ್ಮೆ ಎಬ್ಬಿಸಿ ಕುಡಿಸುತ್ತೇನೆ. ಹೀಗೆ ಮಾಡಿದರೆ ಇನ್ನೊಮ್ಮೆ ಬರುವುದಿಲ್ಲವಲ್ಲವೇ? ಇನ್ನೊಂದು ಪ್ರಶ್ನೆ. ಮನೆಯಲ್ಲಿ ಎರಡು ಬಾಟಲಿಗಳಿವೆ, ಒಂದು ಸಣ್ಣದು, ಪಿಪೆಟ್ ಇರುವುದು. ಎರಡೂ ಒಂದೇ ಔಷಧಿ ತಾನೆ?

ಘಟ್ಟದ ಸಿಸ್ಟರ್, ಶಿರಸಿ

ಮೊದಲು ಎರಡನೆಯ ಪ್ರಶ್ನೆ, ಅದೇ ಹೆಚ್ಚು ಅಪಾಯದ್ದು. ಎರಡು ಬಾಟಲಿಗಳನ್ನೂ ಬೆಳಕಿಗೆ ಹಿಡಿದು ಚೀಟಿ ಓದಿ. ಪಿಪೆಟ್ ಇರುವ ಹನಿ ಔಷಧಿಯಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೇ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ ಐದು ಮಿಲಿಲೀಟರಿಗೆ 120 ಅಥವಾ 250. ಔಷಧಿ ಒಂದೇ, ಬಲ ಮೂರು ಬಗೆ. ಪ್ರತಿ ಕಿಲೋ ತೂಕಕ್ಕೆ 15 ಮಿಲಿಗ್ರಾಂ ಎಂಬ ಲೆಕ್ಕದಲ್ಲಿ ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ ಸಾಕು. 120ರ ಸಿರಪ್ ಆದರೆ ಅದು ಆರು ಮಿಲಿಲೀಟರಿನಷ್ಟು, 250ರದ್ದಾದರೆ ಮೂರು, ಹನಿ ಔಷಧಿಯಾದರೆ ಬರೀ ಒಂದೂವರೆ. ಸಿರಪ್ ಎಂದು ತಿಳಿದು ಹನಿ ಔಷಧಿಯನ್ನು ಐದು ಮಿಲಿಲೀಟರ್ ಕುಡಿಸಿದರೆ ಒಂದೇ ಸಲಕ್ಕೆ 500 ಮಿಲಿಗ್ರಾಂ ಹೊಟ್ಟೆಗೆ ಹೋಯಿತು. ಹೀಗೆ ಎರಡು ದಿನ ನಡೆದರೆ ಯಕೃತ್ತಿಗೆ ಹಾನಿ. ಎರಡರಲ್ಲಿ ಒಂದನ್ನು ಇಂದೇ ಮನೆಯಿಂದ ಹೊರಗೆ ಹಾಕಿ. ಉಳಿದದ್ದರ ಮೇಲೆ ನಿಮ್ಮ ವೈದ್ಯರನ್ನು ಕೇಳಿ ಅಳತೆಯನ್ನು ಮಾರ್ಕರ್‌ನಲ್ಲಿ ಬರೆದು ಅಂಟಿಸಿ. ದಿನಕ್ಕೆ ನಾಲ್ಕು ಸಲ ಮೀರಬಾರದು.

ಇನ್ನು ಮೊದಲ ಪ್ರಶ್ನೆ. ಬರುವುದಿಲ್ಲ ಎಂದು ಹೇಳಲಾರೆ. ಜ್ವರದ ಔಷಧಿ ಮಗುವಿಗೆ ಹಾಯೆನಿಸುತ್ತದೆ, ಒಂದು ಗುಟುಕು ಹೆಚ್ಚು ಕುಡಿಯುವಂತೆ ಮಾಡುತ್ತದೆ. ಸೆಳವನ್ನು ಅದು ತಡೆಯುವುದಿಲ್ಲ. ಎಷ್ಟೋ ಸಲ ಸೆಳವು ಬಂದ ಮೇಲೆಯೇ ಮಗುವಿಗೆ ಜ್ವರವಿದೆಯೆಂದು ಮನೆಯವರಿಗೆ ತಿಳಿಯುತ್ತದೆ. ಒಮ್ಮೆ ಬಂದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಮಗುವಿಗೆ ಮತ್ತೊಮ್ಮೆ ಬರುತ್ತದೆ, ಮೊದಲ ಸಲ ಒಂದು ವರ್ಷಕ್ಕಿಂತ ಚಿಕ್ಕದಿದ್ದಾಗ ಬಂದಿದ್ದರೆ ಸಾಧ್ಯತೆ ಇನ್ನೂ ಹೆಚ್ಚು. ಅದು ನಿಮ್ಮ ತಪ್ಪಲ್ಲ. ನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸಬೇಡಿ. ನೀವೂ ನಿದ್ದೆ ಮಾಡಿ. ನಲ್ಲಿಯ ನೀರು, ಐಸ್ ಬೇಡ. ನಡುಕ ಬಂದು ಒಳಗಿನ ಕಾವು ಏರುತ್ತದೆ, ಮಗುವಿಗೂ ಹಿಂಸೆ.

ಮತ್ತೆ ಬಂದರೆ ನೆಲದ ಮೇಲೆ ಚಾಪೆ ಹಾಕಿ ಎಡ ಮಗ್ಗುಲಿಗೆ ಮಲಗಿಸಿ, ಕುತ್ತಿಗೆಯ ಗುಂಡಿ ಬಿಚ್ಚಿ, ಕೈಕಾಲು ಒತ್ತಿ ಹಿಡಿಯಬೇಡಿ, ಬಾಯಿಗೆ ನೀರನ್ನಾಗಲಿ ಬೆರಳನ್ನಾಗಲಿ ಹಾಕಬೇಡಿ. ಗಡಿಯಾರ ನೋಡಿ. ಐದು ನಿಮಿಷವಾದರೂ ನಿಲ್ಲದಿದ್ದರೆ 108ಕ್ಕೆ ಕರೆ. ಸೆಳವು ನಿಲ್ಲಿಸಲು ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಎಂಬ ಔಷಧಿಯನ್ನು ವೈದ್ಯರು ಬರೆದುಕೊಟ್ಟಿದ್ದರೆ ಅವರು ಹೇಳಿದಷ್ಟೇ ಸಲ ಕೊಡಿ. ಕೊಟ್ಟ ಸಮಯವನ್ನೂ ಬರೆದಿಡಿ, ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ಅದೇ ಔಷಧಿ ಎರಡನೆಯ ಸಲ ಹೋಗಿ ಉಸಿರು ಕುಗ್ಗಬಹುದು.

ಹಳೆಯ ಅಡಿಕೆ ತೋಟ, ಯಲ್ಲಾಪುರ

ಸಿಸ್ಟರ್, ನಿಮ್ಮ ಅನುಭವಕ್ಕೆ ಗೌರವವಿದೆ. ಆದರೆ ಕಬ್ಬಿಣ ಹಿಡಿಸುವುದನ್ನು, ಬಾಲಗ್ರಹಕ್ಕೆ ದಾರ ಕಟ್ಟುವುದನ್ನು ನಮ್ಮ ಹಿರಿಯರು ಸುಮ್ಮನೆ ಮಾಡಲಿಲ್ಲ. ನನಗೇ ಮೂರು ವರ್ಷವಿದ್ದಾಗ ಕೈಗೆ ಕತ್ತಿ ಹಿಡಿಸಿದ್ದರಂತೆ, ನಿಂತಿತಂತೆ. ಅದರಿಂದ ಯಾರಿಗೆ ಏನು ನಷ್ಟ?

ಘಟ್ಟದ ಸಿಸ್ಟರ್, ಶಿರಸಿ

ಹೆಚ್ಚಿನ ಸೆಳವು ಎರಡು ಮೂರು ನಿಮಿಷಕ್ಕೆ ತಾನಾಗಿ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಕೈಯಲ್ಲಿ ಕಬ್ಬಿಣವಿದ್ದರೆ ಕಬ್ಬಿಣದಿಂದ ನಿಂತಿತು ಎನಿಸುತ್ತದೆ. ದಾರ ಕಟ್ಟಬೇಡಿ ಎಂದು ನಾನು ಯಾವ ತಾಯಿಗೂ ಹೇಳಿದವಳಲ್ಲ. ಆದರೆ ಬಿಗಿದ ಮುಷ್ಟಿ ಬಿಡಿಸುವ ಗದ್ದಲದಲ್ಲಿ ಮಗು ಅಂಗಾತ ಬಿದ್ದಿರುತ್ತದೆ, ಜೊಲ್ಲು ಗಂಟಲಿಗೆ ಇಳಿಯುತ್ತದೆ, ತುಟಿ ನೀಲಿಯಾದದ್ದನ್ನು ಯಾರೂ ನೋಡುವುದಿಲ್ಲ. ನಷ್ಟ ಅಲ್ಲಿದೆ. ದಾರವನ್ನು ಮಗು ಎದ್ದ ಮೇಲೆ ಕಟ್ಟಿ.

ಬರೆ ಹಾಕುವ ವಿಷಯದಲ್ಲಿ ಮಾತ್ರ ನಾನು ಯಾರ ಮುಲಾಜಿಗೂ ಒಳಗಾಗುವುದಿಲ್ಲ. ಹಸುಗೂಸಿನ ಹೊಟ್ಟೆಯ ಮೇಲೆ ಸಾಲಾಗಿ ಐದು ಬರೆಗಳಿದ್ದುದನ್ನು ಕಂಡಿದ್ದೇನೆ, ಅದರ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿದ್ದೇನೆ. ಆ ಮಗುವಿಗೆ ಇದ್ದದ್ದು ಮಿದುಳು ಪೊರೆಯ ಸೋಂಕು. ಬರೆಗಾಗಿ ಕಳೆದದ್ದು ಎರಡು ದಿನ. ಹಾಗೆಯೇ ಬಾಣಂತಿ ಮನೆಯಲ್ಲಿ ಮೂಗಿಗೆ ಎಣ್ಣೆ ಬಿಡುವ ಪದ್ಧತಿಯನ್ನೂ ನಿಲ್ಲಿಸಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ.

ಜಿಎನ್‌ಎಂ ಎರಡನೆಯ ವರ್ಷ, ಕುಮಟಾ

ನಮ್ಮ ನರ್ಸಿಂಗ್ ತರಗತಿಯಲ್ಲಿ ಗ್ಲಾಸ್ಗೋ ಕೋಮಾ ಸ್ಕೇಲ್, ಅಂದರೆ ರೋಗಿಯ ಎಚ್ಚರದ ಮಟ್ಟವನ್ನು ಅಂಕದಲ್ಲಿ ಅಳೆಯುವ ಕ್ರಮ, ಪಾಠವಾಗಿದೆ. ಕಣ್ಣಿಗೆ 4, ಮಾತಿಗೆ 5, ಚಲನೆಗೆ 6, ಒಟ್ಟು 15, ಕನಿಷ್ಠ 3. ಪರೀಕ್ಷೆಯಲ್ಲಿ ಬರೆಯಬಲ್ಲೆ. ಆದರೆ ಎಂಟು ತಿಂಗಳ ಮಗುವಿನ ಮಾತಿಗೆ ಎಷ್ಟು ಅಂಕ ಕೊಡಬೇಕು? ವಾರ್ಡಿನಲ್ಲಿ ಕೇಳಿದರೆ "ಹಿಂದಿನ ಪಾಳಿಯವರು ಬರೆದದ್ದನ್ನೇ ಬರೆ" ಎಂದರು. ಹಾಗೆ ಬರೆಯಲು ಮನಸ್ಸು ಬರಲಿಲ್ಲ.

ಘಟ್ಟದ ಸಿಸ್ಟರ್, ಶಿರಸಿ

ಮನಸ್ಸು ಬಾರದೇ ಇದ್ದದ್ದು ಬಹಳ ಒಳ್ಳೆಯದು ತಂಗಿ. ಆ ಮನಸ್ಸನ್ನು ಹಾಗೇ ಉಳಿಸಿಕೊಳ್ಳಬೇಕು.

1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ನರಶಸ್ತ್ರಚಿಕಿತ್ಸಕರು ಈ ಅಳತೆಗೋಲನ್ನು ಪ್ರಕಟಿಸಿದರು. ಒಬ್ಬ ನರ್ಸ್ "ಮಂಪರು", ಇನ್ನೊಬ್ಬಳು "ಅರೆಪ್ರಜ್ಞೆ" ಎಂದು ಬರೆದರೆ ರೋಗಿ ಸುಧಾರಿಸಿದನೋ ಕುಸಿದನೋ ಯಾರಿಗೂ ತಿಳಿಯುವುದಿಲ್ಲ. ಎಲ್ಲರೂ ಒಂದೇ ಭಾಷೆಯಲ್ಲಿ ಬರೆಯಲಿ ಎಂಬುದೇ ಅದರ ಉದ್ದೇಶ. ಹಿಂದಿನ ಪಾಳಿಯದನ್ನು ನಕಲು ಮಾಡಿದರೆ ಆ ಉದ್ದೇಶವೇ ಸತ್ತಂತೆ.

ಮಾತು ಬಾರದ ಮಗುವಿನ ಮಾತನ್ನು ಅಳುವಿನಲ್ಲಿ ಓದಬೇಕು. ತೊದಲುತ್ತದೆ, ಕೂಗಿ ಆಡುತ್ತದೆ ಎಂದರೆ 5. ಕಿರಿಕಿರಿಯ ಅಳು, ಎತ್ತಿಕೊಂಡರೂ ಸಮಾಧಾನವಿಲ್ಲ ಎಂದರೆ 4. ನೋವಾದಾಗ ಮಾತ್ರ ಅತ್ತರೆ 3, ನೋವಿಗೆ ಬರೀ ನರಳಿದರೆ 2, ಏನೂ ಇಲ್ಲದಿದ್ದರೆ 1. ಚಲನೆಯಲ್ಲಿ ತಾನಾಗಿ ಕೈಕಾಲು ಆಡಿಸಿದರೆ 6, ಮುಟ್ಟಿದರೆ ಎಳೆದುಕೊಂಡರೆ 5, ನೋವಿಗೆ ಎಳೆದುಕೊಂಡರೆ 4. ನೋವಿಗೆ ತೋಳು ಅಸಹಜವಾಗಿ ಮಡಚಿಕೊಂಡರೆ 3, ಸೆಟೆದು ಚಾಚಿದರೆ 2. ಇವೆರಡನ್ನು ಕಂಡಾಗ ಪುಸ್ತಕ ಬಿಟ್ಟು ವೈದ್ಯರ ಬಳಿಗೆ ಓಡಬೇಕು. ನೋವು ಕೊಡುವುದೆಂದರೆ ಉಗುರಿನ ಅಂಚಿಗೆ ಪೆನ್ನನ್ನು ಒತ್ತುವುದು, ಅಷ್ಟೇ. ಎದೆಯ ಮೂಳೆಯನ್ನು ಗೆಣ್ಣಿನಿಂದ ಉಜ್ಜಿ ಚರ್ಮ ಕಪ್ಪಗೆ ಮಾಡಬಾರದು.

ಒಟ್ಟು ಮೊತ್ತವನ್ನಷ್ಟೇ ಬರೆಯಬೇಡ. "9" ಎಂದು ಬರೆದರೆ ಕಣ್ಣು ತೆರೆಯದೆ ಹೋದದ್ದೋ ಕೈ ಆಡದೆ ಹೋದದ್ದೋ ಓದುವವರಿಗೆ ಕಾಣುವುದಿಲ್ಲ. ಮೂರನ್ನೂ ಬಿಡಿಬಿಡಿಯಾಗಿ ಬರೆ. 8 ಅಥವಾ ಅದಕ್ಕಿಂತ ಕಡಿಮೆಯಾದರೆ ಮಗು ತನ್ನ ಉಸಿರಿನ ದಾರಿಯನ್ನು ತಾನೇ ಕಾಪಾಡಿಕೊಳ್ಳಲಾರದು. ಆಮೇಲೆ ಟಾರ್ಚ್ ಹಿಡಿದು ಕಣ್ಣಿನ ಪಾಪೆ: ಎರಡೂ ಒಂದೇ ಅಳತೆಯಲ್ಲಿವೆಯೇ, ಬೆಳಕಿಗೆ ಕಿರಿದಾಗುತ್ತವೆಯೇ. ಇಷ್ಟಕ್ಕೂ ಸಮಯವಿಲ್ಲದ ಗಡಿಬಿಡಿಯಲ್ಲಿ ನಾಲ್ಕೇ ಮಾತು ಸಾಕು: ಎಚ್ಚರವಾಗಿದೆ, ದನಿಗೆ ಸ್ಪಂದಿಸುತ್ತದೆ, ನೋವಿಗೆ ಸ್ಪಂದಿಸುತ್ತದೆ, ಯಾವುದಕ್ಕೂ ಇಲ್ಲ.

ಹಸುಗೂಸಿಗೆ ದೇವರು ನೆತ್ತಿಯಲ್ಲೊಂದು ಕಿಟಕಿ ಇಟ್ಟಿದ್ದಾನೆ. ಮುಂದಿನ ನೆತ್ತಿ ಸಾಮಾನ್ಯವಾಗಿ ಒಂದೂವರೆ ವರ್ಷದ ಸುಮಾರಿಗೆ ಕೂಡಿಕೊಳ್ಳುತ್ತದೆ. ಅಲ್ಲಿಯವರೆಗೂ, ಮಗು ಅಳದೆ ಇರುವಾಗ, ಕೂರಿಸಿಕೊಂಡು ಅಂಗೈಯಿಂದ ಮೆಲ್ಲಗೆ ಸವರಿ ನೋಡಬೇಕು. ಗುಳಿ ಬಿದ್ದಿದ್ದರೆ ನೀರು ಕಡಿಮೆಯಾಗಿದೆ, ಉಬ್ಬಿ ಬಿಗಿಯಾಗಿದ್ದರೆ ಒಳಗೆ ಒತ್ತಡ ಏರಿದೆ. ಜೊತೆಗೆ ಕೀರಲು ಅಳು, ಕೆಳಕ್ಕೆ ಸೂರ್ಯ ಮುಳುಗಿದಂತೆ ಕಾಣುವ ಕಣ್ಣುಗುಡ್ಡೆ. ತಲೆಯ ಸುತ್ತಳತೆಯನ್ನು ಪ್ರತಿ ಸಲವೂ ಟೇಪಿನಿಂದ ಅಳೆದು ಬರೆಯಬೇಕು. ಹುಟ್ಟಿದಾಗ ಸುಮಾರು 35 ಸೆಂಟಿಮೀಟರ್ ಇರುತ್ತದೆ, ವರ್ಷಕ್ಕೆ 46ರ ಆಸುಪಾಸು. ವಾರದಿಂದ ವಾರಕ್ಕೆ ಜಿಗಿದರೆ ಮಿದುಳಿನಲ್ಲಿ ನೀರು ತುಂಬುತ್ತಿರಬಹುದು. ರಕ್ತದೊತ್ತಡ ಏರಿ, ನಾಡಿ ನಿಧಾನವಾಗಿ, ಉಸಿರು ತಾಳ ತಪ್ಪುವ ಲಕ್ಷಣವನ್ನು ಕುಶಿಂಗ್ ತ್ರಯ ಎಂದು ಓದಿರುತ್ತೀಯ. ಅದು ತಡವಾಗಿ ಬರುವ ಲಕ್ಷಣ. ಅದಕ್ಕಾಗಿ ಕಾಯುತ್ತಾ ಕುಳಿತರೆ ಮಗು ಕೈತಪ್ಪುತ್ತದೆ.

ಆಶಾ ಕಾರ್ಯಕರ್ತೆ, ಜೋಯಿಡಾ ಕಡೆ

ನಾನು ನರ್ಸ್ ಅಲ್ಲ, ಆದರೂ ಒಂದು ಮಾತು ಸೇರಿಸುತ್ತೇನೆ. ಸೆಳವು ಎಂದರೆ ಎಲ್ಲರೂ ಜ್ವರವನ್ನೇ ನೆನೆಯುತ್ತಾರೆ. ಅಣಶಿ ಕಡೆಯ ಒಂಟಿ ಮನೆಗಳಲ್ಲಿ ನಾನು ಕಂಡದ್ದು ಭೇದಿಯಾಗಿ ಬಂದ ಸೆಳವು. ಜ್ವರವೇ ಇಲ್ಲ. ಮೈಯಲ್ಲಿ ನೀರು ಹೋಗಿ, ಉಪ್ಪಿನ ಅಂಶ ಏರುಪೇರಾಗಿ, ಹೊಟ್ಟೆಗಿಲ್ಲದೆ ಸಕ್ಕರೆ ಇಳಿದು ಬರುತ್ತದೆ ಎಂದು ಡಾಕ್ಟರು ಹೇಳಿದರು.

ಒಂದು ಮನೆಯಲ್ಲಿ ಓಆರ್‌ಎಸ್ ಕೊಟ್ಟು ಬಂದಿದ್ದೆ. ಮರುದಿನ ಹೋದಾಗ ತಾಯಿ ಇಡೀ ಪೊಟ್ಟಣವನ್ನು ಒಂದು ಲೋಟಕ್ಕೆ ಕಲಸಿದ್ದಳು. ಮದ್ದು ಗಟ್ಟಿಯಾದಷ್ಟೂ ಒಳ್ಳೆಯದು ಎಂದು ಅವಳ ಎಣಿಕೆ. ಮಗು ಒಂದು ಗುಟುಕು ಕುಡಿದು ಉಗಿದಿತ್ತು, ಅದು ಪುಣ್ಯ. ಅಷ್ಟು ಉಪ್ಪು ಒಳಗೆ ಹೋಗಿದ್ದರೆ ಅದರಿಂದಲೇ ಸೆಳವು ಬರುತ್ತಿತ್ತು. ತಪ್ಪು ಅವಳದ್ದಲ್ಲ, "ಒಂದು ಲೀಟರ್" ಎಂದು ಹೇಳಿ ಬಂದೆನೇ ಹೊರತು ಆ ಮನೆಯಲ್ಲಿ ಲೀಟರ್ ಯಾವುದೆಂದು ತೋರಿಸಿರಲಿಲ್ಲ. ಈಗ ಹಾಗಲ್ಲ. ಒಂದು ಲೀಟರಿನ ನೀರಿನ ಬಾಟಲಿಯನ್ನು ಚೀಲದಲ್ಲೇ ಒಯ್ಯುತ್ತೇನೆ, ಅವರ ಮನೆಯ ಚೊಂಬಿಗೆ ಸುರಿದು "ಈ ಚೊಂಬಿನಲ್ಲಿ ಇಲ್ಲಿಯವರೆಗೆ ಎರಡು ಸಲ" ಎಂದು ತಾಯಿಯ ಕೈಯಿಂದಲೇ ಸುಣ್ಣದ ಗೆರೆ ಹಾಕಿಸುತ್ತೇನೆ. ಕಲಸಿದ್ದನ್ನು ಇಪ್ಪತ್ತನಾಲ್ಕು ಗಂಟೆಯ ಮೇಲೆ ಚೆಲ್ಲಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಮತ್ತೆ ಶುರು. ಎದೆಹಾಲು ನಿಲ್ಲಿಸುವ ಹಾಗಿಲ್ಲ. ಜೊತೆಗೆ ಸತುವಿನ ಮಾತ್ರೆ ಹದಿನಾಲ್ಕು ದಿನ, ಭೇದಿ ನಿಂತ ಮೇಲೂ.

ಮಗು ಕುಡಿಯಲಾರದೆ ಹೋದರೆ, ಕುಡಿದದ್ದನ್ನೆಲ್ಲ ವಾಂತಿ ಮಾಡಿದರೆ, ಸೆಳವು ಬಂದರೆ, ಎಬ್ಬಿಸಿದರೂ ಏಳದಂತೆ ಮಲಗಿದರೆ ಯೋಚನೆ ಮಾಡುತ್ತಾ ಕೂರಬೇಡಿ, ಹೊರಡಿ. ಕೆಮ್ಮಿದ್ದರೆ ಅಂಗಿ ಮೇಲೆತ್ತಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40, ಅಷ್ಟು ಅಥವಾ ಅದಕ್ಕೂ ಮೇಲಾದರೆ ಅದು ಬರೀ ಶೀತವಲ್ಲ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಚಿಕ್ಕ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ.

ಘಟ್ಟದ ಸಿಸ್ಟರ್, ಶಿರಸಿ

ಸುಣ್ಣದ ಗೆರೆಯ ಉಪಾಯವನ್ನು ನಾಳೆಯಿಂದಲೇ ನಮ್ಮ ವಾರ್ಡಿನ ತಾಯಂದಿರಿಗೆ ಹೇಳಿಕೊಡುತ್ತೇನೆ. ಸೆಳವಿನಿಂದ ಬಂದ ಯಾವ ಮಗುವಿಗೂ ಬೆರಳಿನ ತುದಿಯಿಂದ ರಕ್ತದ ಸಕ್ಕರೆ ನೋಡದೆ ಮುಂದೆ ಹೋಗಬಾರದು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಿ. ಒಂದು ನಿಮಿಷವೂ ಹಿಡಿಯದ ಪರೀಕ್ಷೆ ಅದು.

ನಿವೃತ್ತ ಆರೋಗ್ಯ ಸಹಾಯಕ, ಸಿದ್ದಾಪುರ

ಘಟ್ಟದ ಮೇಲಿನವರು ಮಂಗನ ಕಾಯಿಲೆಯನ್ನು ಮರೆತು ಜ್ವರದ ಮಾತಾಡಬಾರದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ನಮ್ಮ ತಾಲ್ಲೂಕಿನಲ್ಲೂ ಜೀವ ತೆಗೆದಿದೆ. ಮಳೆ ಮುಗಿದು ಚಳಿ ಬಿದ್ದ ಮೇಲೆ, ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರಲು ಬೆಟ್ಟಕ್ಕೆ ಹೋಗುವ ಕಾಲದಿಂದ ಮೇ ತಿಂಗಳವರೆಗೆ ಈ ಕಾಯಿಲೆ ಹರಡುವ ಉಣುಗಿನ, ಅಂದರೆ ರಕ್ತ ಹೀರುವ ಸಣ್ಣ ಹುಳದ, ಹಾವಳಿ. ದೊಡ್ಡವರ ಬಟ್ಟೆಯಲ್ಲಿ, ದರಕು ಹೊರುವ ಕಲ್ಲಿಯಲ್ಲಿ ಉಣುಗು ಮನೆಯ ಅಂಗಳಕ್ಕೆ ಬರುತ್ತದೆ, ಮಗು ಅಲ್ಲಿಯೇ ಆಡುತ್ತಿರುತ್ತದೆ.

ನರಗಳ ಮಾತಿಗೆ ಇದು ಸೇರುವುದು ಹೀಗೆ. ಮೊದಲ ಜ್ವರ ಇಳಿದು ಮಗು ಗೆಲುವಾದ ಮೇಲೆ ಒಂದೆರಡು ವಾರ ಬಿಟ್ಟು ನೂರರಲ್ಲಿ ಹತ್ತರಿಂದ ಇಪ್ಪತ್ತು ರೋಗಿಗಳಿಗೆ ಜ್ವರ ಮರಳುತ್ತದೆ. ಆಗ ಬರುವುದು ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ಕಣ್ಣು ಮಂಜು. ಮನೆಯವರು ಇದನ್ನು ಹೊಸ ಜ್ವರವೆಂದೇ ಆಸ್ಪತ್ರೆಯಲ್ಲಿ ಹೇಳುತ್ತಾರೆ. ಹದಿನೈದು ದಿನದ ಹಿಂದಿನ ಜ್ವರವನ್ನು ಕೇಳದೆ ಹೋದರೆ ಸಿಗುವುದಿಲ್ಲ. ಆದ್ದರಿಂದ ದಾಖಲಾತಿ ಬರೆಯುವ ನರ್ಸಮ್ಮನವರಲ್ಲಿ ಕೈಮುಗಿದು ಕೇಳುತ್ತೇನೆ: ಹಿಂದಿನ ತಿಂಗಳಲ್ಲಿ ಜ್ವರ ಬಂದಿತ್ತೇ, ಬೆಟ್ಟಕ್ಕೆ ಹೋಗಿದ್ದಿರೇ, ಸುತ್ತಮುತ್ತ ಮಂಗ ಸತ್ತಿತ್ತೇ, ಈ ಮೂರು ಪ್ರಶ್ನೆ ಬಿಡಬೇಡಿ. ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್, ಐಬುಪ್ರೊಫೇನ್ ಕೊಡಬಾರದು.

ಗಂಗಾವಳಿ ದಡದ ತಂದೆ, ಅಂಕೋಲಾ

ನನ್ನ ಮಗಳಿಗೆ ಹತ್ತು ವರ್ಷ. ಆರನೆಯ ವರ್ಷದಿಂದ ಅಪಸ್ಮಾರ. ಮಾತ್ರೆಯಿಂದ ಎರಡು ವರ್ಷ ಒಂದೂ ಸೆಳವು ಇರಲಿಲ್ಲ. ಮಾತ್ರೆ ತರುತ್ತಿದ್ದದ್ದು ಕುಮಟಾದಿಂದ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತಲ್ಲ, ಅಂದು ಪಟ್ಟಿಯಲ್ಲಿ ಉಳಿದದ್ದು ಮೂರು ಮಾತ್ರೆ. ಊರಿಗೆ ಊರೇ ಶೋಕದಲ್ಲಿತ್ತು, ಮಾತ್ರೆಯ ಮಾತು ಎತ್ತಲು ನನಗೆ ನಾಚಿಕೆಯಾಯಿತು. ಎರಡು ವರ್ಷ ಬಂದಿಲ್ಲವಲ್ಲ, ನಾಲ್ಕು ದಿನ ಬಿಟ್ಟರೇನು ಎಂದುಕೊಂಡೆ. ಮಾತ್ರೆ ತಪ್ಪಿದ ಮೂರನೆಯ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಬಿದ್ದಳು. ಒಂದು ನಿಂತು ಎಚ್ಚರವಾಗುವ ಮೊದಲೇ ಇನ್ನೊಂದು. ಹಾಗೆ ಮೂರು. ಬದುಕಿದಳು. ಇಂದಿಗೂ ಬಾವಿಕಟ್ಟೆಯ ಕಡೆ ನೋಡಿದರೆ ನನ್ನ ಎದೆ ಹಿಂಡುತ್ತದೆ.

ಈಗ ಮನೆಯಲ್ಲಿ ಯಾವಾಗಲೂ ಒಂದು ತಿಂಗಳ ಮಾತ್ರೆ ಹೆಚ್ಚಿಗೆ ಇರುತ್ತದೆ, ಜೂನ್ ಬರುವ ಮೊದಲು ಎರಡು ತಿಂಗಳದ್ದು. ಬಾವಿಗೆ ಜಾಲರಿ ಹಾಕಿಸಿದೆ. ಬಚ್ಚಲಿಗೆ ಒಳಚಿಲಕ ತೆಗೆಸಿದೆ. ಶಾಲೆಗೆ ಹೋಗಿ ತರಗತಿಯ ಮಕ್ಕಳ ಮುಂದೆಯೇ, ಅವಳು ಬಿದ್ದರೆ ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ ಎಂದು ಹೇಳಿ ಬಂದೆ. ಮೊದಲು ಹೆದರಿ ದೂರ ಕುಳಿತಿದ್ದ ಮಕ್ಕಳೇ ಈಗ ಸರದಿಯಲ್ಲಿ ಅವಳ ಪಕ್ಕ ಕೂರುತ್ತಾರೆ.

ಘಟ್ಟದ ಸಿಸ್ಟರ್, ಶಿರಸಿ

ಈ ಮಾತನ್ನು ಪ್ರತಿ ತಂದೆ ತಾಯಿಯೂ ಓದಬೇಕು. ಅಪಸ್ಮಾರದ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ, ಅದುವರೆಗೆ ತಡೆದಿಟ್ಟ ಸೆಳವುಗಳು ಒಂದರ ಹಿಂದೆ ಒಂದು ನುಗ್ಗಬಹುದು. ಕಡಿಮೆ ಮಾಡುವುದಿದ್ದರೆ ವೈದ್ಯರೇ ವಾರಗಟ್ಟಲೆ, ತಿಂಗಳುಗಟ್ಟಲೆ ಇಳಿಸುತ್ತಾ ಬರುತ್ತಾರೆ. ಒಂದು ಸೇರಿಸುತ್ತೇನೆ: ಫೆನಿಟಾಯಿನ್ ಎಂಬ ಅಪಸ್ಮಾರದ ಔಷಧಿ ತೆಗೆದುಕೊಳ್ಳುವ ಮಕ್ಕಳ ಒಸಡು ಊದಿಕೊಂಡು ಬೆಳೆಯಬಹುದು. ಮೃದುವಾದ ಬ್ರಷ್‌ನಿಂದ ದಿನಕ್ಕೆರಡು ಸಲ ಉಜ್ಜಿಸಿ, ಒಸಡು ನೋಡಿ ಹೆದರಿ ಮಾತ್ರೆ ಬಿಡಬೇಡಿ.

ಅತ್ತೆಯ ಸೊಸೆ, ಭಟ್ಕಳ

ಮಕ್ಕಳ ಮಾತಿನ ನಡುವೆ ಬಂದೆ, ಕ್ಷಮಿಸಿ. ಅತ್ತೆಗೆ ಲಕ್ವ ಹೊಡೆದು ಎರಡು ತಿಂಗಳಾಯಿತು, ಎಡಭಾಗ ಬಿದ್ದಿದೆ. ಗಂಜಿ ಕುಡಿಸಿದರೆ ಕೆಮ್ಮುತ್ತಾರೆ. ಬೆನ್ನಿನ ಕೆಳಗೆ ಚರ್ಮ ಕೆಂಪಾಗಿದೆ. ಏನು ಮಾಡಲಿ?

ಘಟ್ಟದ ಸಿಸ್ಟರ್, ಶಿರಸಿ

ಕೆಮ್ಮುತ್ತಿದ್ದಾರೆ ಎಂದರೆ ಗಂಜಿ ಶ್ವಾಸನಾಳದ ಕಡೆ ಹೋಗುತ್ತಿದೆ. ನುಂಗುವ ಶಕ್ತಿಯನ್ನು ಆಸ್ಪತ್ರೆಯಲ್ಲಿ ನೋಡುವವರೆಗೂ ಬಾಯಿಂದ ಕೊಡಬೇಡಿ, ಇಂದೇ ಹೋಗಿ. ಅವರು ಒಪ್ಪಿದ ಮೇಲೆ ಪೂರ್ತಿ ಕೂರಿಸಿ, ಗದ್ದ ಎದೆಯ ಕಡೆ ಬಾಗಿಸಿ, ದಪ್ಪ ಮಾಡಿದ ಆಹಾರವನ್ನು ಚೆನ್ನಾಗಿರುವ ಬಲಗಡೆಯ ಕೆನ್ನೆಗೆ ಸ್ವಲ್ಪಸ್ವಲ್ಪವೇ ಕೊಡಿ, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ. ಅದನ್ನು ತಿಕ್ಕಬೇಡಿ, ಪೌಡರ್ ಸುರಿಯಬೇಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬದಲಿಸಿದ ಗಂಟೆಯನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯಿರಿ. ಎತ್ತುವಾಗ ಬಿದ್ದ ತೋಳನ್ನು ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ.

ಇದನ್ನು ಓದುತ್ತಿರುವ ಉಳಿದವರಿಗೆ: ಬಾಯಿ ಓರೆಯಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಕೊನೆಯ ಸಲ ಅವರು ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಬರೆದುಕೊಂಡೇ ಹೊರಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿನ ನಾಲ್ಕೂವರೆ ಗಂಟೆಯ ಲೆಕ್ಕ ಶುರುವಾಗುವುದು ಅಲ್ಲಿಂದ.

ಆಂಬುಲೆನ್ಸ್ ಜೊತೆಗಿನ ನರ್ಸ್, ಹೊನ್ನಾವರ

ಮೇಲಿನ ಆಸ್ಪತ್ರೆಗೆ ಕಳಿಸುವ ಮಕ್ಕಳ ಜೊತೆ ನಾನು ಹೋಗುತ್ತೇನೆ. ಘಟ್ಟದ ತಿರುವಿನಲ್ಲಿ ಆಗುವುದನ್ನು ಪಠ್ಯದಲ್ಲಿ ಬರೆದಿಲ್ಲ. ದೇವಿಮನೆಯಾಗಲಿ ಅರಬೈಲಾಗಲಿ, ಮಗು ಸ್ಟ್ರೆಚರಿನಲ್ಲಿ ಜಾರುತ್ತದೆ, ತಲೆ ಮುಂದಕ್ಕೆ ಬಾಗಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಭುಜದ ಕೆಳಗೆ ಮಡಚಿದ ಟವೆಲ್, ತಲೆಯ ಎರಡೂ ಬದಿಗೆ ಬಟ್ಟೆಯ ಸುರುಳಿ ಇಟ್ಟು ಹೊರಡಬೇಕು. ವಾಂತಿ ಆಗಿಯೇ ಆಗುತ್ತದೆ, ಬಾಯಿಯ ಜೊಲ್ಲು, ವಾಂತಿ ಎಳೆದು ತೆಗೆಯುವ ಸಕ್ಷನ್ ಯಂತ್ರ ನಡೆಯುತ್ತಿದೆಯೇ ಎಂದು ಘಟ್ಟದ ಬುಡದಲ್ಲೇ ಒತ್ತಿ ನೋಡಬೇಕು. ಸೆಳವು ನಿಲ್ಲಿಸುವ ಔಷಧಿಯ ಎರಡನೆಯ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಂಡು, ಸಿರಿಂಜಿನಲ್ಲಿ ತುಂಬಿ ಹೆಸರು ಅಂಟಿಸಿಟ್ಟುಕೊಳ್ಳಬೇಕು. ತಿರುವಿನಲ್ಲಿ ಔಷಧಿಯ ಗಾಜಿನ ಆಂಪೂಲ್ ಒಡೆಯಲು ಆಗುವುದಿಲ್ಲ. ನಾನು ಒಮ್ಮೆ ಪ್ರಯತ್ನಿಸಿ ಬೆರಳು ಕೊಯ್ದುಕೊಂಡೆ, ಔಷಧಿಯೂ ಚೆಲ್ಲಿತು.

ಇನ್ನೊಂದು ಸಂಕಟ. ಮಿದುಳು ಪೊರೆಯ ಸೋಂಕು ಇದೆಯೇ ಎಂದು ನೋಡಲು ಬೆನ್ನಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ ಎಂದು ಹೆದರಿ ತಾಯಂದಿರು ಮಗುವನ್ನು ಎತ್ತಿಕೊಂಡು ಮನೆಗೆ ಹೊರಡುತ್ತಾರೆ. ಯಾರಾದರೂ ಅವರಿಗೆ ಸಾವಧಾನವಾಗಿ ಹೇಳಿ.

ಘಟ್ಟದ ಸಿಸ್ಟರ್, ಶಿರಸಿ

ಹೇಳುತ್ತೇನೆ. ಮಿದುಳುಬಳ್ಳಿ ಬೆನ್ನಿನ ತುದಿಯವರೆಗೂ ಇಳಿಯುವುದಿಲ್ಲ, ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ಸಡಿಲವಾದ ನರದ ಎಳೆಗಳು ನೀರಿನಲ್ಲಿ ತೇಲುವ ಜಾಗಕ್ಕೆ. ತೆಗೆಯುವುದು ಕೆಲವು ಹನಿ, ದೇಹ ಅದನ್ನು ದಿನವೂ ಹೊಸದಾಗಿ ಮಾಡಿಕೊಳ್ಳುತ್ತದೆ. ಸೊಂಟ ಬೀಳುವುದು, ಕಿವಿ ಹೋಗುವುದು ಆ ಪರೀಕ್ಷೆಯಿಂದಲ್ಲ, ಪರೀಕ್ಷೆ ತಡವಾಗಿ ಬಲಿತ ಸೋಂಕಿನಿಂದ. ವರ್ಷದೊಳಗಿನ ಮಗುವಿಗೆ ಕುತ್ತಿಗೆ ಬಿಗಿಯುವ ಲಕ್ಷಣ ಕಾಣದೆಯೂ ಮಿದುಳು ಪೊರೆಯ ಸೋಂಕು ಇರಬಹುದು, ಅದಕ್ಕಾಗಿಯೇ ವೈದ್ಯರು ಒತ್ತಾಯಿಸುವುದು. ಮಗುವನ್ನು ಬಗ್ಗಿಸಿ ಹಿಡಿಯುವ ನರ್ಸ್ ಸೂಜಿಯ ಕಡೆ ನೋಡಬಾರದು, ಮಗುವಿನ ಮೂಗು ತುಟಿಯನ್ನೇ ನೋಡುತ್ತಿರಬೇಕು. ಬಗ್ಗಿಸಿದ ಕುತ್ತಿಗೆಯಲ್ಲಿ ಉಸಿರು ಕಟ್ಟಬಹುದು.

ಕಡಲ ತಾಯಿ, ಕಾರವಾರ

ಪಿಪೆಟ್ ಬಾಟಲಿಯನ್ನು ಬಿಸಾಡಿದೆ. ನಮ್ಮ ವೈದ್ಯರ ಬಳಿ ಹೋಗಿ ಮಗಳ ತೂಕ ಹಾಕಿಸಿ, ಸಿರಪ್ ಮೇಲೆ ಅಳತೆ ಬರೆಸಿಕೊಂಡು ಬಂದೆ. ರಾತ್ರಿಯ ಅಲಾರಂ ತೆಗೆದಿದ್ದೇನೆ. ಎರಡು ವರ್ಷದ ಮೇಲೆ ಮೊದಲ ಸಲ ಬೆಳಗಿನವರೆಗೆ ನಿದ್ದೆ ಬಂತು.

ಜಿಎನ್‌ಎಂ ಎರಡನೆಯ ವರ್ಷ, ಕುಮಟಾ

ನಿನ್ನೆ ರಾತ್ರಿ ಪಾಳಿಯಲ್ಲಿ ಒಂಬತ್ತು ತಿಂಗಳ ಹೆಣ್ಣು ಮಗು ಬಂತು. ಸಿಸ್ಟರ್ ನನ್ನ ಕೈಗೇ ಪೆನ್ನು ಕೊಟ್ಟರು. ನಾನು ಬರೆದದ್ದು ಇಷ್ಟು, ತಪ್ಪಿದ್ದರೆ ತಿದ್ದಿ.

"2.40: ಎರಡೂ ಕೈಕಾಲು ಅದುರುತ್ತಿವೆ, ತುಟಿ ನೀಲಿ. ಎಡ ಮಗ್ಗುಲು, ಸಕ್ಷನ್, ಆಮ್ಲಜನಕ. ಸಕ್ಕರೆ 92. ಜ್ವರ 102.4. 2.43: ಅದುರುವುದು ನಿಂತಿತು, ತುಟಿ ಕೆಂಪಾಯಿತು. 2.45: ಕಣ್ಣು 2, ಮಾತು 3, ಚಲನೆ 4. ಪಾಪೆ ಎರಡೂ ಸಮ, ಬೆಳಕಿಗೆ ಕಿರಿದಾಗುತ್ತಿವೆ. ನೆತ್ತಿ ಸಮತಟ್ಟು. 3.05: ಅಮ್ಮನ ದನಿಗೆ ಕಣ್ಣು ತೆರೆಯಿತು, ಕಣ್ಣು 3, ಮಾತು 4, ಚಲನೆ 5. 3.30: ಎದೆಹಾಲು ಹುಡುಕುತ್ತಿದೆ."

ಘಟ್ಟದ ಸಿಸ್ಟರ್, ಶಿರಸಿ

ಅದುರುವಿಕೆ ಮೊದಲು ಯಾವ ಕೈಯಿಂದ ಶುರುವಾಯಿತು ಎಂಬುದು ಬಿಟ್ಟುಹೋಗಿದೆ. ನೀನು ನೋಡುವ ಮೊದಲೇ ಶುರುವಾಗಿದ್ದರೆ ತಾಯಿಗೆ ಗೊತ್ತಿರುತ್ತದೆ. ಇಂದು ಪಾಳಿಗೆ ಹೋದೊಡನೆ ಅವರನ್ನು ಕೇಳಿ, "ತಾಯಿ ಹೇಳಿದಂತೆ" ಎಂದು ನಮೂದಿಸಿ ಸೇರಿಸು. ಉಳಿದದ್ದರಲ್ಲಿ ನಾನು ತಿದ್ದುವಂಥದ್ದು ಏನೂ ಇಲ್ಲ.